ಕರೆಂಟ್ ಬಿಲ್ಲು ನಳದ ಬಿಲ್ಲಿಗೆ ಬಂದಾಗ: ಒಂದು ಪುರಸಭೆಯ ಪ್ರಕರಣ

ರಾಯಚೂರು, ಕೊಪ್ಪಳ ಸೀಮೆಯ ಒಂದು ಪುರಸಭೆಯಲ್ಲಿ 2023ರಿಂದ 2025ರ ನಡುವೆ ನಡೆದ ಪ್ರಕರಣ ಇದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಪ್ರಮಾಣ ಮಾತ್ರ ಕೆಟ್ಟಿಲ್ಲ. ನಾನು ಅಲ್ಲಿ ಹೋಗಿದ್ದು ಲೆಕ್ಕ ಬಿಡಿಸಿಕೊಡಲು. ನೀರಿನ ದರದ ಜಗಳ ಎಲ್ಲ ಊರಲ್ಲೂ ಇದೆ. ಆದರೆ ಆ ಜಗಳ ಒಂದು ನಿಯಮವಾಗಿ ನಿಂತದ್ದು ನಾನು ನೋಡಿದ್ದು ಇಲ್ಲಿ.

ಹಿನ್ನೆಲೆ

ಊರು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದೆ. ಕಾಲುವೆ ಹರಿಯುವಾಗ ಊರಾಚೆಯ ದೊಡ್ಡ ಕೆರೆ ತುಂಬಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಆ ಕೆರೆಯೇ ಗತಿ. ಕೆರೆಯ ಜಾಕ್‌ವೆಲ್‌ನಿಂದ (ಪಂಪು ಕೂಡಿಸಿದ ಬಾವಿ) ನೀರೆತ್ತಿ, ಎರಡು ಕಿಲೋಮೀಟರ್ ಕೊಳವೆಯಲ್ಲಿ ಶುದ್ಧೀಕರಣ ಘಟಕಕ್ಕೆ ತರಬೇಕು. ಅಲ್ಲಿ ಪಟಕ ಹಾಕಿ ತಿಳಿ ಮಾಡಿ, ಕ್ಲೋರಿನ್ ಬಿಟ್ಟು, ಮತ್ತೆ ಟಾಕಿಗಳಿಗೆ ಏರಿಸಬೇಕು. ದಿನಕ್ಕೆ ಸುಮಾರು 60 ಲಕ್ಷ ಲೀಟರ್. ಊರಲ್ಲಿ ಸುಮಾರು 7,000 ನಳಗಳಿವೆ, ಮೀಟರ್ ಯಾವುದಕ್ಕೂ ಇಲ್ಲ. ಮನೆ ನಳಕ್ಕೆ ತಿಂಗಳಿಗೆ ಇಂತಿಷ್ಟು ಅಂತ ಒಂದೇ ದರ, ಅದೂ ವರ್ಷಗಟ್ಟಲೆ ಅಲ್ಲಾಡದ್ದು.

ಈ ನೀರನ್ನು ಮನೆಗೆ ಮುಟ್ಟಿಸಲು ಪುರಸಭೆ ಬೇರೆಯವರಿಂದ ಮುಖ್ಯವಾಗಿ ಮೂರು ಕೊಳ್ಳುತ್ತದೆ: ಕರೆಂಟು, ರಾಸಾಯನಿಕ, ಮತ್ತೆ ಘಟಕ ನಡೆಸುವ ಗುತ್ತಿಗೆದಾರನ ಸೇವೆ. ಅದರಲ್ಲಿ ಕರೆಂಟಿನದೇ ಸಿಂಹಪಾಲು.

ಈ ಭಾಗದಲ್ಲಿ ಕರೆಂಟು ಕೊಡೋದು ಜೆಸ್ಕಾಂ. ಆದರೆ ದರ ಅದು ತನಗೆ ಬೇಕಾದಂತೆ ಹಾಕುವ ಹಾಗಿಲ್ಲ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು, ಲೆಕ್ಕ ತೋರಿಸಬೇಕು, ಸಾರ್ವಜನಿಕ ವಿಚಾರಣೆ ಆಗಬೇಕು. ಅದರ ಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಅಂತ ಇನ್ನೊಂದು ಸಾಲು ಬರುತ್ತದೆ. ಕಲ್ಲಿದ್ದಲು, ಖರೀದಿ ದರ ಏರಿಳಿದಂತೆ ಇದು ಏರಿಳಿಯುತ್ತದೆ. ಈ ವೆಚ್ಚ ಗ್ರಾಹಕರಿಗೆ ತಡವಿಲ್ಲದೆ ದಾಟಬೇಕು ಅಂತ ಕೇಂದ್ರ ಸರ್ಕಾರವೂ 2022ರ ಕೊನೆಯಲ್ಲಿ ನಿಯಮ ಮಾಡಿತು. ಯಾರು ಏನೇ ಅನ್ನಲಿ, ಅಲ್ಲಿ ಒಂದು ಸೂತ್ರವಿದೆ, ಕೇಳೋಕೆ ಒಂದು ಜಾಗವಿದೆ.

ನೀರಿಗೆ ಅದ್ಯಾವುದೂ ಇಲ್ಲ. ಮಹಾರಾಷ್ಟ್ರದಲ್ಲಿ 2005ರ ಕಾಯ್ದೆಯಡಿ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರವಿದೆ. ಅದೂ ನೋಡುವುದು ಸಗಟು ನೀರಿನ ದರವನ್ನು. ನಮ್ಮಲ್ಲಿ ಸಣ್ಣ ಊರಿನ ನೀರಿನ ದರಕ್ಕೆ ಅಂಥ ಸ್ವತಂತ್ರ ಆಯೋಗ ಇಲ್ಲ. ಮಾರುವವರೇ ದರ ಹಾಕುವವರು. ಕರ್ನಾಟಕ ಪುರಸಭೆಗಳ ಅಧಿನಿಯಮ 1964ರಲ್ಲಿ ತೆರಿಗೆ ಹಾಕಲು ಠರಾವು, ಪ್ರಕಟಣೆ, ಆಕ್ಷೇಪಣೆ ಅಂತ ಕ್ರಮವಿದೆ. ಆದರೆ "ಇದು ತೆರಿಗೆ ಅಲ್ಲ, ಹೆಚ್ಚುವರಿ ಶುಲ್ಕ" ಅಂತ ಹೆಸರಿಟ್ಟರೆ ಆ ಬಾಗಿಲನ್ನು ತಪ್ಪಿಸಿಕೊಂಡು ಹೋಗಬಹುದು ಅನ್ನುವ ನಂಬಿಕೆ ಕಚೇರಿಗಳಲ್ಲಿ ಗಟ್ಟಿಯಾಗಿದೆ.

ತಕರಾರು ಎದ್ದದ್ದು

2023ರ ಮೇ ತಿಂಗಳಲ್ಲಿ ಆಯೋಗ ಕರೆಂಟ್ ದರವನ್ನು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು. ಜೂನ್ ಬಿಲ್ಲು ನೋಡಿ ರಾಜ್ಯದ ತುಂಬ ಗಲಾಟೆ ಆದದ್ದು ನೆನಪಿರಬಹುದು. ಜುಲೈನಿಂದ ಗೃಹಜ್ಯೋತಿ ಬಂತು, 200 ಯೂನಿಟ್ ತನಕ ಮನೆಗಳಿಗೆ ಬಿಲ್ಲು ಸೊನ್ನೆ ಆಯಿತು. ಜನರ ಸಿಟ್ಟೂ ಇಳಿಯಿತು. ಆದರೆ ಪುರಸಭೆಯ ಪಂಪಿಗೆ ಗೃಹಜ್ಯೋತಿ ಇಲ್ಲವಲ್ಲ. ಅದರ ಬಿಲ್ಲು ಏರಿದ್ದು ಏರಿದ ಹಾಗೇ ಉಳಿಯಿತು. ಸಾಲದ್ದಕ್ಕೆ ಅದು ಬರದ ವರ್ಷ.

ಆಗ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ತೀರ್ಮಾನವಾಗದೆ ರಾಜ್ಯದ ಬಹಳ ಪುರಸಭೆಗಳಲ್ಲಿ ಆಡಳಿತಾಧಿಕಾರಿಗಳಿದ್ದರು. ಇಲ್ಲಿಯೂ ಹಾಗೇ. ಗೆದ್ದ ಸದಸ್ಯರು ಇದ್ದರು, ಸಭೆ ಇರಲಿಲ್ಲ. ಲೆಕ್ಕ ಶಾಖೆಯಿಂದ ಒಂದು ಟಿಪ್ಪಣಿ ಮೇಲೆ ಹೋಯಿತು. ತಿಂಗಳ ಕರೆಂಟ್ ಬಿಲ್ಲು 4.28 ಲಕ್ಷದಿಂದ 7.40 ಲಕ್ಷಕ್ಕೆ ಏರಿದೆ, ವ್ಯತ್ಯಾಸ 3.12 ಲಕ್ಷ, ಇದನ್ನು 7,000 ನಳಕ್ಕೆ ಭಾಗಿಸಿದರೆ ನಳಕ್ಕೆ 45 ರೂ., "ವಿದ್ಯುತ್ ವೆಚ್ಚ ಹೊಂದಾಣಿಕೆ ಶುಲ್ಕ" ಅಂತ ವಸೂಲಿ ಮಾಡಬಹುದು. ಅಷ್ಟೇ. ಅರ್ಧ ಪುಟ. ಸಹಿಯಾಗಿ ಬಂತು. ನವೆಂಬರ್ ಬಿಲ್ಲಿನಲ್ಲಿ ಜನ ನೋಡಿದರು.

ಮೊದಲು ಬಿಸಿ ಮುಟ್ಟಿದ್ದು ಕರ ವಸೂಲಿಗಾರನಿಗೆ. ಒಂದು ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಬಿಲ್ಲು ಹಿಡಿದುಕೊಂಡೇ ಕಚೇರಿಗೆ ಬಂದಳು. "ಸಾಹೇಬ್ರ, ಕರೆಂಟ್ ಫ್ರೀ ಅಂದ್ರಿ. ಈಗ ನೀರಿನ ಬಿಲ್ಲಿನ್ಯಾಗ ಕರೆಂಟ್ ಬಂದೈತಿ. ಇದೇನ್ರೀ ಇದು?" ಕಚೇರಿಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. "ದರ ಏರೈತಿ, ನಾವೇನ್ ಮಾಡೂದು" ಅಂದರು. ಅದು ಅರ್ಧ ನಿಜ. ಆ ಅರ್ಧ ಎಷ್ಟು ದೊಡ್ಡದು ಅನ್ನುವುದೇ ಮುಂದಿನ ಪ್ರಕರಣವೆಲ್ಲ.

ಎರಡು ತಿಂಗಳಲ್ಲಿ ನೀರಿನ ಕರ ಕಟ್ಟುವವರೇ ಕಡಿಮೆಯಾದರು. 45 ರೂ. ಕಟ್ಟಲ್ಲ ಅಂದವರಿಗೆ ಮೂಲ ಕರ ಮಾತ್ರ ಕಟ್ಟಿಸಿಕೊಳ್ಳಲು ಗಣಕಯಂತ್ರದಲ್ಲಿ ಅವಕಾಶ ಇರಲಿಲ್ಲ. ಹಾಗಾಗಿ ಮೊದಲು ಬರುತ್ತಿದ್ದ ದುಡ್ಡೂ ನಿಂತಿತು. ಶುಲ್ಕ ಹಾಕಿ ಆದಾಯ ಇಳಿಸಿಕೊಂಡ ಹಾಗಾಯಿತು.

ಈ ಇಕ್ಕಟ್ಟಿನಲ್ಲಿ ಮುಖ್ಯಾಧಿಕಾರಿ ಒಂದು ಕೆಲಸ ಮಾಡಿದರು. ನನ್ನ ಪ್ರಕಾರ ಇಡೀ ಪ್ರಕರಣದ ಮೊದಲ ತಿರುವು ಅದೇ. ಶುಲ್ಕ ರದ್ದು ಮಾಡಲಿಲ್ಲ, ಪೊಲೀಸರನ್ನೂ ಕರೆಸಲಿಲ್ಲ. ವಸೂಲಿಯನ್ನು ತಡೆಹಿಡಿದು, ಐದು ಜನರ ಸಮಿತಿ ಮಾಡಿದರು. ನಿವೃತ್ತ ಎಂಜಿನಿಯರ್ ಒಬ್ಬರು, ವರ್ತಕರ ಕಡೆಯಿಂದ ಒಬ್ಬರು, ಸ್ವಸಹಾಯ ಸಂಘದ ಮಹಿಳೆ ಒಬ್ಬರು, ಪುರಸಭೆಯ ಲೆಕ್ಕಿಗರು, ಒಬ್ಬ ಸದಸ್ಯರು. ನಾನು ಸಮಿತಿಯ ಹೊರಗಿನವನು, ಕೇಳಿದಾಗ ಲೆಕ್ಕ ಹಾಕಿಕೊಡುವವನು. ಸಮಿತಿಗೆ ಅಧಿಕಾರ ಏನೂ ಇರಲಿಲ್ಲ. ಕಡತ ನೋಡುವ ಹಕ್ಕು ಮಾತ್ರ ಇತ್ತು. ಅದು ಸಾಕಾಯಿತು.

3.12 ಲಕ್ಷ ಬಿಡಿಸಿದ್ದು

ಕರೆಂಟ್ ಬಿಲ್ಲಿನಲ್ಲಿ ನಾವು ಸಾಮಾನ್ಯವಾಗಿ ಕೆಳಗಿನ ಒಟ್ಟು ಮೊತ್ತ ನೋಡುತ್ತೇವೆ. ಎಂಜಿನಿಯರ್ ಮಾತ್ರ ಎರಡು ವರ್ಷದ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದು ಸಾಲನ್ನೂ ಅಡ್ಡಕ್ಕೆ ಓದುತ್ತ ಹೋದರು. ಆಗ ಮೊತ್ತ ನಾಲ್ಕು ತುಂಡಾಯಿತು.

ಮೊದಲ ತುಂಡು ನಿಜವಾದ ದರ ಏರಿಕೆ. ಹೊಂದಾಣಿಕೆ ಎಲ್ಲ ಸೇರಿ ಯೂನಿಟ್‌ಗೆ ಸುಮಾರು 6.30 ಇದ್ದದ್ದು 7.30 ಆಗಿತ್ತು. ಹಿಂದೆ ತಿಂಗಳಿಗೆ 68,000 ಯೂನಿಟ್ ಓಡುತ್ತಿತ್ತು. ಅಂದರೆ ದರದಿಂದ ಬಿದ್ದ ಹೊರೆ 68,000 ರೂ.

ಎರಡನೆಯದು ಬಳಕೆ ಏರಿದ್ದು. 68,000 ಯೂನಿಟ್ 84,600 ಆಗಿತ್ತು. ನೀರು ಮಾತ್ರ ಅಷ್ಟೇ, ದಿನಕ್ಕೆ 60 ಲಕ್ಷ ಲೀಟರ್. ಹೆಚ್ಚುವರಿ 16,600 ಯೂನಿಟ್‌ಗೆ 1.21 ಲಕ್ಷ ರೂ. ನಾಲ್ಕರಲ್ಲಿ ಇದೇ ದೊಡ್ಡದು.

ಮೂರನೆಯದು ದಂಡ. ಪವರ್ ಫ್ಯಾಕ್ಟರ್ ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು. ಅದು 0.90ಕ್ಕಿಂತ ಕೆಳಗಿಳಿದರೆ ದಂಡ ಬೀಳುತ್ತದೆ. ಒಪ್ಪಂದದ ಬೇಡಿಕೆಗಿಂತ, ಅಂದರೆ ಒಮ್ಮೆಗೆ ಇಷ್ಟೇ ಎಳೆಯುತ್ತೇವೆ ಅಂತ ಬರೆದುಕೊಟ್ಟ ಮಿತಿಗಿಂತ, ಜಾಸ್ತಿ ಎಳೆದರೆ ಆ ಜಾಸ್ತಿಯ ಭಾಗಕ್ಕೆ ಎರಡು ಪಟ್ಟು ಕಟ್ಟಬೇಕು. ಇವೆರಡೂ ಸೇರಿ ತಿಂಗಳಿಗೆ 35,000. ಪವರ್ ಫ್ಯಾಕ್ಟರ್ ಸರಿಯಾಗಿಡುವ ಕೆಪಾಸಿಟರ್ ಪ್ಯಾನೆಲ್ ಕೆಟ್ಟು ಒಂದು ವರ್ಷದಿಂದ ಪಂಪ್‌ಹೌಸ್ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು.

ನಾಲ್ಕನೆಯದು ಹಳೇ ಬಾಕಿಯ ಬಡ್ಡಿ. ಬಾಕಿ 88 ಲಕ್ಷ, ತಿಂಗಳಿಗೆ ಶೇ 1ರಂತೆ 88,000 ರೂ.

ಈ ನಾಲ್ಕನ್ನೂ ಕೂಡಿಸಿ "ಕರೆಂಟ್ ದರ ಏರಿದೆ" ಅಂತ ಜನರ ಮೇಲೆ ಹಾಕಲಾಗಿತ್ತು. 45 ರೂಪಾಯಿಯಲ್ಲಿ ದರ ಏರಿಕೆಯ ಪಾಲು ಹತ್ತು ರೂಪಾಯಿಯೂ ಪೂರ್ತಿ ಇರಲಿಲ್ಲ. ಉಳಿದದ್ದು ಪುರಸಭೆಯ ಸ್ವಂತ ಸಂಸಾರದ ಖರ್ಚು. ವರ್ತಕರ ಪ್ರತಿನಿಧಿ ಒಂದೇ ಮಾತು ಹೇಳಿದರು: "ನನ್ನ ಅಂಗಡಿ ಬಾಡಿಗೆ ತಡವಾಗಿ ಕಟ್ಟಿ ಬಿದ್ದ ದಂಡಾನ ಗಿರಾಕಿ ಮ್ಯಾಗ ಹಾಕಾಕ ಬರತೈತೇನ್ರೀ?"

ಇಲ್ಲಿ ಒಂದು ಮಾತು. ಯಾರೂ ದುಡ್ಡು ತಿಂದಿರಲಿಲ್ಲ. ಟಿಪ್ಪಣಿ ಬರೆದವರು ಎರಡು ಬಿಲ್ಲು ಕಳೆದು, ಭಾಗಿಸಿ, ಬರೆದರು, ಅಷ್ಟೇ. ವೆಚ್ಚ ದಾಟಿಸುವುದಕ್ಕೆ ನಿಯಮ ಇಲ್ಲದ ಕಡೆ ಎಲ್ಲವೂ ದಾಟಿಹೋಗುತ್ತದೆ. ಕಳ್ಳತನ ಇದ್ದಿದ್ದರೆ ಹಿಡಿಯುವುದು ಸುಲಭವಾಗುತ್ತಿತ್ತೇನೋ.

ಬಳಕೆ ಏರಿದ್ದು ಯಾಕೆ

ಇದರ ಮೇಲೆ ವಾದ ಜೋರಾಗಿ ನಡೆಯಿತು. ಲೆಕ್ಕಿಗರು ಬರವನ್ನು ಮುಂದಿಟ್ಟರು. ಕೆರೆಯ ಮಟ್ಟ ಇಳಿದಿದೆ, ನೀರು ಇನ್ನೂ ಆಳದಿಂದ ಎತ್ತಬೇಕು, ಕರೆಂಟು ಜಾಸ್ತಿ ಬೇಕೇ ಬೇಕು ಅಲ್ವಾ? ಮಾತು ಸರಿಯಾಗಿತ್ತು. ಆದರೆ ಎಷ್ಟು ಜಾಸ್ತಿ?

ಇದಕ್ಕೆ ಊಹೆ ಬೇಕಾಗಿಲ್ಲ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ 0.27 ಯೂನಿಟ್ ಸಾಕು. ಪಂಪು, ಮೋಟಾರು ಸೇರಿ ಶೇ 65 ದಕ್ಷತೆ ಅಂತ ಹಿಡಿದರೆ 0.42. ಈ ಊರಿನಲ್ಲಿ ಎರಡು ಹಂತದ ಎತ್ತರ, ಕೊಳವೆಯ ಘರ್ಷಣೆ ಎಲ್ಲ ಸೇರಿ ಸುಮಾರು 70 ಮೀಟರ್. ಅಂದರೆ ಸಾವಿರ ಲೀಟರ್‌ಗೆ 0.30 ಯೂನಿಟ್ ಒಳಗೆ ಕೆಲಸ ಆಗಬೇಕು. ಹಿಂದೆ 0.38 ಆಗುತ್ತಿತ್ತು, ಈಗ 0.47. ಕೆರೆ ಮಟ್ಟ ಇಳಿದದ್ದು ಮೂರೂವರೆ ಮೀಟರ್. ಅದು 70ರಲ್ಲಿ ಶೇ 5. ಬಳಕೆ ಏರಿದ್ದು ಶೇ 24. ಬರದ ಪಾಲು ಐದು ತೆಗೆದರೂ ಹತ್ತೊಂಬತ್ತು ಉಳಿಯಿತು.

ಆ ಹತ್ತೊಂಬತ್ತರಲ್ಲಿ ಒಂದು ಭಾಗ ಸವೆದ ಪಂಪಿನದು. ಇನ್ನೊಂದು ಭಾಗ ಸಿಕ್ಕಿದ್ದು ಹೊಲದಲ್ಲಿ. ಜಾಕ್‌ವೆಲ್‌ನಿಂದ ಘಟಕಕ್ಕೆ ಬರುವ ಕೊಳವೆಯ ಉದ್ದಕ್ಕೂ ಎಂಜಿನಿಯರ್ ನಡೆದುಕೊಂಡು ಹೋದರು. ಕಾಲುವೆ ಬಂದ್ ಆಗಿತ್ತು. ಸುತ್ತ ಗದ್ದೆಗಳಲ್ಲಿ ಕೊಯ್ದ ಕೂಳೆ, ಬಿರುಕು ಬಿಟ್ಟ ಎರೆ. ನಡುವೆ ಒಂದು ತುಂಡು ಮಾತ್ರ ಹಸಿರು. ಬದುವಿನ ಪಕ್ಕ ಮೊಣಕಾಲುದ್ದ ಜೊಂಡು ಬೆಳೆದಿತ್ತು. ಕೊಳವೆಯ ಜಾಯಿಂಟ್ ಅಲ್ಲೇ ಬಿಟ್ಟುಕೊಂಡಿತ್ತು. ಹೊಲದ ಯಜಮಾನ ಸಂಕೋಚವಿಲ್ಲದೆ ಹೇಳಿದ: "ಹ್ವಾದ ವರ್ಷದಿಂದ ಹಿಂಗ ಐತ್ರೀ. ನಾನು ವಾಲ್ವ್‌ಮನ್‌ಗ ಹೇಳಿದ್ದೆ." ವಾಲ್ವ್‌ಮನ್ ಮೇಲಿನವರಿಗೆ ಹೇಳಿದ್ದ. ಮೇಲಿನವರು ಗುತ್ತಿಗೆದಾರನಿಗೆ ಹೇಳಿದ್ದರು. ಗುತ್ತಿಗೆ ಕರಾರಿನಲ್ಲಿ ಆ ಕೊಳವೆ ಇರಲಿಲ್ಲ.

ಹಾಗಾದರೆ ಮೂಲ ಪ್ರಶ್ನೆ ಏನು? ಸೋರಿದ ನೀರನ್ನು ಎತ್ತಿದ ಕರೆಂಟು ಯಾರ ಲೆಕ್ಕಕ್ಕೆ? ಬಿಲ್ಲು ಪೂರ್ತಿ ಜನರಿಗೆ ದಾಟುವುದಾದರೆ ಆ ಜಾಯಿಂಟ್ ರಿಪೇರಿ ಮಾಡಿಸುವ ದರ್ದು ಯಾರಿಗಿದೆ? ಇಂಗ್ಲೆಂಡ್‌ನಲ್ಲಿ 1989ರಲ್ಲಿ ನೀರಿನ ಕಂಪನಿಗಳನ್ನು ಖಾಸಗಿಗೆ ಕೊಟ್ಟ ಮೇಲೆ ಆಫ್‌ವಾಟ್ ಅನ್ನುವ ನಿಯಂತ್ರಕ ಐದು ವರ್ಷಕ್ಕೊಮ್ಮೆ ದರದ ಮಿತಿ ಹಾಕುತ್ತದೆ. ವೆಚ್ಚ ಮಿತಿ ಮೀರಿದರೆ ಒಂದಷ್ಟು ಕಂಪನಿಯ ಮೈಮೇಲೇ ಉಳಿಯುತ್ತದೆ. ಆ ವ್ಯವಸ್ಥೆ ಅಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅನ್ನುವುದು ಬೇರೆ ಜಗಳ. ಆದರೆ ಆ ಒಂದು ವಿಚಾರ ಮಾತ್ರ ನಮ್ಮ ಪುರಸಭೆಗೂ ಹೊಂದುತ್ತಿತ್ತು: ಮಾರುವವನ ಕೈಯಲ್ಲಿ ಇರದ ಖರ್ಚು ದಾಟಲಿ, ಕೈಯಲ್ಲಿ ಇರುವುದು ದಾಟದಿರಲಿ.

ಪಟಕದ ಚೀಲಗಳು

ಕರೆಂಟಿನ ಕಡತ ನೋಡುವಾಗಲೇ ಇನ್ನೊಂದು ಕಡತ ಬಂತು. ಪಟಕದ ಬೆಲೆ ಏರಿದೆ, ನನಗೂ ಹೊಂದಾಣಿಕೆ ಕೊಡಿ ಅಂತ ಗುತ್ತಿಗೆದಾರ ಅರ್ಜಿ ಹಾಕಿದ್ದ. ಜನರ ಬಿಲ್ಲಿಗೆ ಇದನ್ನೂ ಸೇರಿಸುವ ಯೋಚನೆ ನಡೆದಿತ್ತು.

ಸ್ವಸಹಾಯ ಸಂಘದ ಅಕ್ಕ ಇಲ್ಲಿ ಎಲ್ಲರಿಗಿಂತ ಚುರುಕಾದರು. ಘಟಕದ ಲಾಗ್ ಬುಕ್ ತರಿಸಿ ನೋಡಿದರು. ದಿನಕ್ಕೆ 50 ಕಿಲೋದ 12 ಚೀಲ ಅಂತ ಬರೆದಿತ್ತು. ಆಗಸ್ಟ್‌ನಲ್ಲೂ 12, ಏಪ್ರಿಲ್‌ನಲ್ಲೂ 12. ತಿಂಗಳುಗಟ್ಟಲೆ ಒಂದೇ ಪೆನ್ನು, ಒಂದೇ ಕೈಬರಹ, ಭಾನುವಾರವೂ ಬಿಟ್ಟಿಲ್ಲ. "ಮಳಿಗಾಲದಾಗ ಕಾಲುವಿ ನೀರು ಕೆಂಪಗ ಬರತೈತಿ, ಆಗ ಪಟಕ ಜಾಸ್ತಿ ಬೇಕು, ಒಪ್ಪೋಣ. ಬ್ಯಾಸಗ್ಯಾಗ ಕೆರಿ ನೀರು ತಾನ ತಿಳಿ ಆಗಿರತೈತಿ. ಆಗೂ ಹನ್ನೆರಡ?" ಅಂದರು. ನಿಜವೇ. 60 ಲಕ್ಷ ಲೀಟರ್‌ಗೆ ಲೀಟರ್‌ಗೆ 40 ಮಿಲಿಗ್ರಾಂ ಹಾಕಿದರೂ ದಿನಕ್ಕೆ 240 ಕಿಲೋ, ಅಂದರೆ ಐದು ಚೀಲ. ನೀರಿನ ಕದಡು ಎಷ್ಟಿದೆ, ಎಷ್ಟು ಪಟಕ ಬೇಕು ಅಂತ ಗಾಜಿನ ಜಾಡಿಗಳಲ್ಲಿ ಪರೀಕ್ಷೆ ಮಾಡಿ ನಿರ್ಧರಿಸಬೇಕು. ಆ ಜಾಡಿಗಳು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ.

ಮೇಲಾಗಿ ಬಿಲ್ಲು ಕೊಟ್ಟ ಏಜೆನ್ಸಿ ಗುತ್ತಿಗೆದಾರನ ಭಾಮೈದನದು. ಕಾನೂನಿನಲ್ಲಿ ಅದು ತಪ್ಪೇನಲ್ಲ. ಆದರೆ ಮನೆಯೊಳಗಿನ ವ್ಯಾಪಾರದ ರಸೀದಿಯನ್ನು ಮಾರುಕಟ್ಟೆ ಬೆಲೆ ಅಂತ ನಂಬುವುದು ಹೇಗೆ? ಸಮಿತಿ ಸರಳ ದಾರಿ ಹಿಡಿಯಿತು. ಅಕ್ಕಪಕ್ಕದ ಎರಡು ಊರುಗಳ ಟೆಂಡರ್ ದರ ತರಿಸಿತು. ರಸೀದಿ ಮತ್ತು ಆ ದರಗಳ ಸರಾಸರಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಲೆಕ್ಕಕ್ಕೆ ಅಂತ ಬರೆಯಿತು. ಗುತ್ತಿಗೆದಾರ ಸ್ವಲ್ಪ ಕೂಗಾಡಿ, ಆಮೇಲೆ ಅರ್ಜಿ ವಾಪಸ್ ತೆಗೆದುಕೊಂಡ.

ನಿಯಮ ಬರೆದದ್ದು

2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಒಂದೇ ಪುಟದ್ದು. ಅದರ ಬೆನ್ನೆಲುಬು ಇಷ್ಟು. ದರದ ಬದಲಾವಣೆ ಮಾತ್ರ ಜನರ ಬಿಲ್ಲಿಗೆ ಬರಬೇಕು, ಬಳಕೆಯ ಏರಿಕೆ ಬರಬಾರದು. ದಂಡ, ಬಡ್ಡಿ, ಹಳೇ ಬಾಕಿ ಯಾವತ್ತೂ ಬರಬಾರದು. ದರ ಇಳಿದರೆ ಬಿಲ್ಲೂ ಇಳಿಯಬೇಕು. ಖರ್ಚು ಮಾಡಿ ರಸೀದಿ ಇಟ್ಟ ಮೇಲಷ್ಟೇ ವಸೂಲಿ, ಮುಂಗಡವಾಗಿ ಇಲ್ಲ. ಆರು ತಿಂಗಳಿಗೊಮ್ಮೆ ಲೆಕ್ಕ, ಅದಕ್ಕೇ ಒಂದು ಪ್ರತ್ಯೇಕ ಖಾತೆ. ವ್ಯತ್ಯಾಸ ನಳಕ್ಕೆ 2 ರೂಪಾಯಿಗಿಂತ ಕಡಿಮೆ ಇದ್ದರೆ ಬಿಲ್ಲು ಮುಟ್ಟಬೇಡಿ, ಮುಂದಿನ ಸಲಕ್ಕೆ ತಳ್ಳಿ. ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ. ಲೆಕ್ಕದ ಹಾಳೆಯನ್ನು ಕಚೇರಿ ಫಲಕಕ್ಕೆ ಅಂಟಿಸಿ.

ಕಷ್ಟ ಬಂದದ್ದು ಒಂದೇ ಕಡೆ. ದರದ ಬದಲಾವಣೆಯನ್ನು ಎಷ್ಟು ಯೂನಿಟ್‌ಗೆ ಗುಣಿಸಬೇಕು? ಎಂಜಿನಿಯರ್ ಸಾವಿರ ಲೀಟರಿಗೆ 0.30 ಅಂದರು, ಭೌತಶಾಸ್ತ್ರ ಹೇಳಿದ್ದೇ ಪ್ರಮಾಣ, ನಳಕ್ಕೆ 8 ರೂ. ಲೆಕ್ಕಿಗರು ಈಗಿನ 0.47 ಅಂದರು, 12 ರೂ. ನಾಲ್ಕು ರೂಪಾಯಿಯ ಜಗಳ ಅಂತ ನಗಬೇಡಿ. ಲೆಕ್ಕಿಗರ ಭಯ ಸುಳ್ಳಾಗಿರಲಿಲ್ಲ. ಪಂಪು ಹಳೆಯದು, ಹೊಸದಕ್ಕೆ ದುಡ್ಡಿಲ್ಲ, ಆದಾಯ ಇನ್ನೂ ಬಿಗಿ ಮಾಡಿದರೆ ರಿಪೇರಿಗೂ ಕೈ ಕಟ್ಟುತ್ತದೆ, ಆಗ ಬಳಕೆ ಇನ್ನೂ ಏರುತ್ತದೆ. ಕೊನೆಗೆ ಮೊದಲ ವರ್ಷ ಹಳೆಯ ಮಟ್ಟ 0.38, ಎರಡನೇ ವರ್ಷ 0.35, ಮೂರನೇ ವರ್ಷ 0.32 ಅಂತ ಒಪ್ಪಿದರು. 45 ರೂ. ಇದ್ದದ್ದು 10 ರೂ. ಆಯಿತು. ಮೊದಲು 45 ಕಟ್ಟಿದವರಿಗೆ ತಿಂಗಳಿಗೆ 35ರಂತೆ ಮುಂದಿನ ಬಿಲ್ಲುಗಳಲ್ಲಿ ವಜಾ ಹಾಕಿದರು.

ನನಗೆ ಕೇಳಿದರೆ 0.38 ಸ್ವಲ್ಪ ಸಡಿಲವೇ. ಆದರೆ ಮೂರು ವರ್ಷದ ಇಳಿಕೆಯನ್ನು ಮೊದಲೇ ಬರೆದಿಟ್ಟದ್ದು ಜಾಣತನ. ಪ್ರತಿ ವರ್ಷ ಮತ್ತೆ ಚೌಕಾಸಿಗೆ ಕೂತರೆ ಗೆಲ್ಲುವುದು ಯಾವಾಗಲೂ ಕಡತ ಕೈಯಲ್ಲಿರುವವರೇ.

ನಿಯಮಕ್ಕೆ ಬಂದ ಪೆಟ್ಟುಗಳು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹೋಗುವುದನ್ನು ನೋಡಿ ನಮ್ಮ ಭಾಗದ ಪ್ರತಿ ಮನೆಯಲ್ಲೂ ಎದೆ ಒಡೆದಿತ್ತು. ಆ ವಾರದಲ್ಲೇ ಕಚೇರಿಯಲ್ಲಿ ಹೊಸ ಟಿಪ್ಪಣಿ ತಯಾರಾಯಿತು. ಬೇಸಿಗೆಗೆ ನೀರಿಲ್ಲ, ಟ್ಯಾಂಕರ್ ಬೇಕು, ಈಗಿನಿಂದಲೇ ನಳಕ್ಕೆ 30 ರೂ. ಕೂಡಿಡೋಣ. ಟ್ಯಾಂಕರ್‌ನವರ ದರಪಟ್ಟಿಯೂ ಅಷ್ಟೇ ಬೇಗ ಬಂದಿತ್ತು.

ಲೆಕ್ಕಿಗರೇ ಅದನ್ನು ತಡೆದರು, ಕೆಲವೇ ತಿಂಗಳ ಹಿಂದೆ 0.47ಕ್ಕೆ ವಾದಿಸಿದ್ದ ಅದೇ ಲೆಕ್ಕಿಗರು. "ಮುಂಗಡ ವಸೂಲಿ ಇಲ್ಲ" ಅನ್ನುವ ಸಾಲಿನ ಕೆಳಗೆ ಗೆರೆ ಎಳೆದು ಕಡತ ವಾಪಸ್ ಕಳಿಸಿದರು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಮಳೆ ಕೈ ಹಿಡಿಯಿತು, ಅದೇ ಹಂಗಾಮಿನಲ್ಲಿ ಜಲಾಶಯ ಮತ್ತೆ ತುಂಬುತ್ತ ಬಂತು. ತುಂಬದೇ ಇದ್ದಿದ್ದರೆ? ಆಗಲೂ ಟ್ಯಾಂಕರ್ ಓಡಿಸಿ, ರಸೀದಿ ಇಟ್ಟು, ಆಮೇಲೆ ಕೇಳಬಹುದಿತ್ತು. ಆದರೆ ಅಲ್ಲಿಯವರೆಗೆ ಟ್ಯಾಂಕರ್‌ಗೆ ಕೊಡಲು ದುಡ್ಡು ಎಲ್ಲಿಂದ ಅನ್ನುವುದಕ್ಕೆ ಈ ನಿಯಮದಲ್ಲಿ ಉತ್ತರವಿಲ್ಲ. ಇದು ಅದರ ದೊಡ್ಡ ಕೊರತೆ.

ಎರಡನೇ ಪೆಟ್ಟು ಇನ್ನೊಂದು ದಿಕ್ಕಿನಿಂದ. ಮೀಸಲಾತಿ ಗೊಂದಲ ಮುಗಿದು ಹೊಸ ಅಧ್ಯಕ್ಷರು ಬಂದರು. ಮೊದಲ ಸಾಮಾನ್ಯ ಸಭೆಯಲ್ಲೇ 10 ರೂ. ಪೂರ್ತಿ ರದ್ದು ಮಾಡಿ ಜನರ ಹತ್ತಿರ ಹೆಸರು ತಗೊಳ್ಳೋಣ ಅಂತ ಮಾತು ಬಂತು. ಯಾವ ಸದಸ್ಯನಿಗೆ ಬೇಡ ಅನ್ನಿಸುತ್ತದೆ? ಖಾತೆಯ ಹಾಳೆ ಸಭೆಗೆ ತಂದರು. ಆರು ತಿಂಗಳಲ್ಲಿ ಕರೆಂಟ್ ಬಿಲ್ಲಿನ ಹೊಂದಾಣಿಕೆ ಸಾಲು ಸ್ವಲ್ಪ ಇಳಿದು ಖಾತೆಯಲ್ಲಿ ದುಡ್ಡು ಉಳಿದಿತ್ತು. ನಿಯಮದ ಪ್ರಕಾರವೇ 2 ರೂ. ಇಳಿಸಬಹುದಿತ್ತು. 8 ರೂ. ಮಾಡಿದರು. ಇಳಿಸಿದ ಹೆಸರು ಅಧ್ಯಕ್ಷರಿಗೇ ಹೋಯಿತು, ಯಾರಿಗೂ ಬೇಜಾರಿಲ್ಲ. ವರ್ಷಗಟ್ಟಲೆ ದರ ಮುಟ್ಟದೆ ಕೂತರೆ ಏನಾಗುತ್ತದೆ ಅಂತ ನೋಡಲು ಬೆಂಗಳೂರು ಸಾಕು. ಅಲ್ಲಿ 2014ರ ನಂತರ ನೀರಿನ ದರ ಏರಿದ್ದು 2025ರ ಏಪ್ರಿಲ್‌ನಲ್ಲಿ.

ಅದೇ 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಹೊಸ ಸಾಲು ಕರೆಂಟ್ ಬಿಲ್ಲಿಗೆ ಬಂತು. "ಅವರ ಪಿಂಚಣಿಗೂ ನಮ್ಮ ನಳಕ್ಕೂ ಏನು ಸಂಬಂಧ" ಅಂತ ಸಮಿತಿಯಲ್ಲಿ ಕೇಳಿದರು. ಸಿಟ್ಟು ನ್ಯಾಯವಾದದ್ದು. ಆದರೆ ಪುರಸಭೆಯ ಕೈಯಲ್ಲಿ ಇರದ ಖರ್ಚು ಅಂದರೆ ಇದೇ. ದಾಟಿಸಬೇಕಾಯಿತು. ಎರಡನೇ ವರ್ಷದ 0.35ರಂತೆ ತಿಂಗಳಿಗೆ 63,000 ಯೂನಿಟ್, 36 ಪೈಸೆಯಂತೆ 22,680 ರೂ., ನಳಕ್ಕೆ ಸುಮಾರು 3 ರೂ. ಫಲಕದಲ್ಲಿ ಇದಿಷ್ಟನ್ನೂ ಹೀಗೇ ಬರೆದು ಅಂಟಿಸಿದರು. ಗಲಾಟೆ ಆಗಲಿಲ್ಲ.

ಏನಾಯಿತು, ಏನು ಉಳಿಯಿತು

ದಂಡದ 35,000 ಜನರ ಮೇಲೆ ಹಾಕುವ ದಾರಿ ಮುಚ್ಚಿದ ಮೇಲೆ ಕೆಪಾಸಿಟರ್ ಪ್ಯಾನೆಲ್ ಎರಡೇ ತಿಂಗಳಲ್ಲಿ ಬದಲಾಯಿತು. ಒಪ್ಪಂದದ ಬೇಡಿಕೆಯನ್ನು ಸರಿಪಡಿಸಿಕೊಂಡರು. ಹೊಲದ ಜಾಯಿಂಟ್ ಮುಚ್ಚಿದರು. 2025ರ ಮಾರ್ಚ್ ಹೊತ್ತಿಗೆ ತಿಂಗಳ ಬಳಕೆ 71,000 ಯೂನಿಟ್‌ಗೆ ಇಳಿದಿತ್ತು. ಸಾವಿರ ಲೀಟರ್‌ಗೆ 0.39. ಗುರಿಗೆ ಇನ್ನೂ ಹತ್ತಿರವಾಗಬೇಕು, ಆದರೂ ಒಂದು ವರ್ಷದ ಕೆಲಸಕ್ಕೆ ಕಡಿಮೆಯಲ್ಲ. ಕರ ಕಟ್ಟುವವರು ವಾಪಸ್ ಬಂದರು. ಹಿಂದಿಗಿಂತ ಜಾಸ್ತಿ ಬಂದರು ಅಂತ ಹೇಳಲಾರೆ.

ಹಳೇ ಬಾಕಿಯ ವಿಷಯ ಬೇರೆ ದಾರಿಯಲ್ಲಿ ಬಗೆಹರಿಯಿತು. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಪುರಸಭೆಗಳಿಗೆ ವಿದ್ಯುತ್ ಅನುದಾನ ಬರುತ್ತದೆ. ಅದರಲ್ಲಿ ಹೆಚ್ಚುವರಿ ಕಂತು ಬಂದು ಬಾಕಿಯ ಬಹುಪಾಲು ತೀರಿತು, ಬಡ್ಡಿಯೂ ಹೆಚ್ಚುಕಡಿಮೆ ನಿಂತಿತು. ಇಲ್ಲಿ ಗಮನಿಸಬೇಕಾದ್ದೊಂದಿದೆ. ಹಳೆಯ 45 ರೂ. ಹಾಗೇ ಇದ್ದಿದ್ದರೆ ಬಡ್ಡಿಯ ಪಾಲು ಅಂತ ನಳಕ್ಕೆ 12-13 ರೂ. ಸುಮ್ನೆ ಹೋಗುತ್ತಲೇ ಇರುತ್ತಿತ್ತು. ಸರ್ಕಾರವೂ ಕೊಟ್ಟಿದೆ, ಜನರೂ ಕೊಟ್ಟಿದ್ದಾರೆ, ಕೇಳುವವರಿಲ್ಲ. ಬೇರೆ ಊರುಗಳಲ್ಲಿ ಇಂಥ ಶುಲ್ಕ ಇದ್ದರೆ ಮೊದಲು ನೋಡಬೇಕಾದ ಕಡತ ಅನುದಾನದ್ದು ಅನ್ನುತ್ತೇನೆ ನಾನು. ಕರೆಂಟ್ ಬಿಲ್ಲನ್ನು ಆಮೇಲೆ ನೋಡಿ.

ಸರಿಯಾಗದೆ ಉಳಿದದ್ದೂ ಇದೆ. ಮೀಟರ್ ಇಲ್ಲದ ಊರಲ್ಲಿ ನಳಕ್ಕೆ ಸಮ ಪಾಲು ಅಂದರೆ ಒಂದು ಕೊಡ ಹಿಡಿಯುವ ಗುಡಿಸಲಿಗೂ, ಮಹಡಿ ಮೇಲೆ ಮೂರು ಸಿಂಟೆಕ್ಸ್ ಇಟ್ಟ ಮನೆಗೂ ಅದೇ ಮೊತ್ತ. ಸ್ವಸಹಾಯ ಸಂಘದ ಅಕ್ಕ ಇದನ್ನು ಪ್ರತಿ ಸಭೆಯಲ್ಲೂ ಎತ್ತಿದರು. ಲೆಕ್ಕಕ್ಕೆ ಸಿಗದ ನಳಗಳನ್ನು ಹುಡುಕಿ ಸೇರಿಸಿದರೆ ಎಲ್ಲರ ಪಾಲೂ ಇಳಿಯುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತು. ಆ ನಳಗಳು ಯಾರ ಮನೆಯವು ಅನ್ನುವುದೂ ಗೊತ್ತು.

ಈಗ ಸಮಿತಿಯ ಮುಂದೆ ಇರುವುದು ಹೊಸ ಪಂಪಿನ ವಿಷಯ. ಸವೆದ ಪಂಪು ಬದಲಿಸದೆ 0.32 ಮುಟ್ಟಲು ಸಾಧ್ಯವಿಲ್ಲ. ಬದಲಿಸಿದರೆ ತಿಂಗಳಿಗೆ ಉಳಿಯುವ ಕರೆಂಟಿನ ದುಡ್ಡು ಪುರಸಭೆಗೇ ಹೋಗುತ್ತದೆ, ಏಕೆಂದರೆ ನಿಯಮದಲ್ಲಿ ಬಳಕೆಯ ಲಾಭನಷ್ಟ ಎರಡೂ ಅವರದೇ. ಹಾಗಾದರೆ ಪಂಪಿನ ಖರ್ಚೂ ಅವರದೇ ಅನ್ನುತ್ತಾರೆ ವರ್ತಕರ ಪ್ರತಿನಿಧಿ. ಮೊದಲ ಎರಡು ವರ್ಷ ಜನರೂ ಒಂದು ಪಾಲು ಹಾಕಲಿ, ಆಮೇಲೆ ಉಳಿತಾಯದಲ್ಲೂ ಅವರಿಗೆ ಪಾಲು ಕೊಡೋಣ ಅನ್ನುತ್ತಾರೆ ಎಂಜಿನಿಯರ್. ಇದುವರೆಗಿನ ಸಭೆಗಳಲ್ಲಿ ಇದು ಬಗೆಹರಿದಿಲ್ಲ.